ಹೊಟ್ಟೆಯ ಜಂತುಹುಳಕ್ಕೆ ಗುಳಿಗೆ: ಯಾವ ಹುಳಕ್ಕೆ ಯಾವುದು, ಎಷ್ಟು, ಎಷ್ಟು ದಿನ

ಮೆಡಿಕಲ್‌ಗೆ ಹೋಗಿ "ಜಂತಿನ ಗುಳಿಗಿ ಕೊಡ್ರಿ" ಅಂದರೆ, ಕಲಬುರಗಿಯಲ್ಲಾಗಲಿ, ಹುಮನಾಬಾದಿನಲ್ಲಾಗಲಿ, ಶಹಾಪುರದಲ್ಲಾಗಲಿ, ಕೈಗೆ ಬರುವುದು ಹೆಚ್ಚಾಗಿ ಒಂದೇ: ಅಲ್ಬೆಂಡಜೋಲ್ 400 ಮಿ.ಗ್ರಾಂ. ಒಳ್ಳೆಯ ಔಷಧಿ, ಅಗ್ಗದ್ದು, ಸುರಕ್ಷಿತವಾದದ್ದು. ಆದರೆ ಹೊಟ್ಟೆಯ ಹುಳಗಳು ಒಂದೇ ಜಾತಿಯವಲ್ಲ. ದುಂಡುಹುಳಕ್ಕೆ ಒಂದು ಗುಳಿಗೆ ಸಾಕು. ಚಾಟಿಹುಳಕ್ಕೆ ಒಂದು ಸಾಲದು. ಸೂಜಿಹುಳಕ್ಕೆ ಎರಡು ವಾರ ಬಿಟ್ಟು ಇನ್ನೊಂದು ಬೇಕೇ ಬೇಕು. ಲಾಡಿಹುಳಕ್ಕೆ ಔಷಧಿಯೇ ಬೇರೆ. ಇದು ಗೊತ್ತಿಲ್ಲದೆ ಅದೇ ಗುಳಿಗೆಯನ್ನು ತಿಂಗಳಿಗೊಮ್ಮೆ ಕೊಟ್ಟು "ಈ ಕೂಸಿಗೆ ಔಷಧಿ ಹತ್ತೂದಿಲ್ಲ" ಎಂದು ಕೈಚೆಲ್ಲುವವರು ಬಹಳ.

ಮೊದಲು ಹುಳ ಯಾವುದೆಂದು ನೋಡಿ

ಮಲದಲ್ಲಿ ಅಥವಾ ವಾಂತಿಯಲ್ಲಿ ಎರೆಹುಳದಂತೆ ದುಂಡಗೆ, ಬಿಳಿ-ನಸುಗೆಂಪು ಬಣ್ಣದ, 15ರಿಂದ 35 ಸೆಂ.ಮೀ. ಉದ್ದದ್ದು ಬಿದ್ದರೆ ಅದು ದುಂಡುಹುಳ. ಒಂದು ಹೆಣ್ಣು ಹುಳ ದಿನಕ್ಕೆ 2 ಲಕ್ಷದಷ್ಟು ಮೊಟ್ಟೆ ಇಡುತ್ತದೆ.

ರಾತ್ರಿ ಮಲಗಿದ ಮೇಲೆ ಕೂಸು ಗುದದ ಸುತ್ತ ತುರಿಸಿಕೊಂಡು ಅಳುತ್ತದೆ, ಅಲ್ಲಿ ಬಿಳಿ ದಾರದ ತುಂಡಿನಂತಹ, ಒಂದು ಸೆಂ.ಮೀ. ಒಳಗಿನ ಹುಳ ಹರಿದಾಡುವುದು ಕಾಣುತ್ತದೆ ಎಂದರೆ ಸೂಜಿಹುಳ.

ಮಲದ ಜೊತೆ ಅಥವಾ ಒಳಬಟ್ಟೆಯಲ್ಲಿ ಚಪ್ಪಟೆ, ಬಿಳಿ, ಲಾಡಿ ಕತ್ತರಿಸಿದಂತಹ ತುಣುಕುಗಳು ಕಂಡರೆ ಲಾಡಿಹುಳ. ತುಣುಕು ಮೆಲ್ಲಗೆ ಅಲುಗಾಡುವುದೂ ಉಂಟು.

ಕೊಕ್ಕೆಹುಳ, ಚಾಟಿಹುಳ ಕಣ್ಣಿಗೆ ಬೀಳುವುದು ಅಪರೂಪ. ಕೊಕ್ಕೆಹುಳ ಇದೆಯೆಂದು ಗೊತ್ತಾಗುವುದು ರಕ್ತ ಕಡಿಮೆಯಾದಾಗ: ಉಗುರು, ನಾಲಗೆ ಬಿಳಚುತ್ತವೆ, ನಾಲ್ಕು ಹೆಜ್ಜೆಗೆ ದಮ್ಮು ಹತ್ತುತ್ತದೆ, ಮಣ್ಣು ತಿನ್ನುವ ಆಸೆ ಬರುತ್ತದೆ. ಚಾಟಿಹುಳ ಬಹಳವಿದ್ದರೆ ರಕ್ತ-ಆಮ ಬೀಳುತ್ತದೆ. ಚಿಕ್ಕ ಮಕ್ಕಳಲ್ಲಿ ತಿಣುಕಿದಾಗ ಗುದ ಹೊರಬರುವುದೂ ಇದೆ.

ಹಲ್ಲು ಕಡಿಯುವುದು, ಜೊಲ್ಲು ಸುರಿಯುವುದು, ಮುಖದ ಮೇಲೆ ಬಿಳಿ ಮಚ್ಚೆ: ಇವನ್ನು ನಮ್ಮ ಕಡೆ ಜಂತಿನ ಗುರುತು ಎನ್ನುತ್ತಾರೆ. ಇವು ಹುಳವಿಲ್ಲದ ಮಕ್ಕಳಲ್ಲೂ ಅಷ್ಟೇ ಕಾಣುತ್ತವೆ. ಬೆಲ್ಲ ತಿಂದರೆ ಹುಳ ಹುಟ್ಟುತ್ತವೆ ಎಂಬುದೂ ನಿಜವಲ್ಲ. ಮೊಟ್ಟೆ ಬಾಯಿಗೆ ಹೋಗಬೇಕು, ಇಲ್ಲವೇ ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದು ಒಳಬರಬೇಕು. ಬೇರೆ ದಾರಿ ಹೆಚ್ಚಿಲ್ಲ.

ಪರೀಕ್ಷೆ ಯಾವಾಗ ಬೇಕು

ದುಂಡುಹುಳ ಅಥವಾ ಸೂಜಿಹುಳವನ್ನು ಕಣ್ಣಾರೆ ಕಂಡಿದ್ದರೆ ಪರೀಕ್ಷೆಗೆ ಕಾಯಬೇಕಿಲ್ಲ. ಆದರೆ ಹುಳ ಕಾಣದೆ ರಕ್ತಹೀನತೆ, ತಿಂಗಳುಗಟ್ಟಲೆ ಹೊಟ್ಟೆನೋವು, ರಕ್ತಭೇದಿ ಇದ್ದರೆ ಅಥವಾ ಗುಳಿಗೆ ತಿಂದರೂ ಗುಣ ಕಾಣದಿದ್ದರೆ ಮಲಪರೀಕ್ಷೆ ಮಾಡಿಸಿ. ಒಂದೇ ದಿನದ ಮಾದರಿಯಲ್ಲಿ ಮೊಟ್ಟೆ ಸಿಗದೇ ಹೋಗಬಹುದು. ಬೇರೆ ಬೇರೆ ಮೂರು ದಿನದ್ದು ಕೊಟ್ಟರೆ ಪತ್ತೆ ಚೆನ್ನಾಗಿ ಆಗುತ್ತದೆ. ಅಗಲ ಬಾಯಿಯ ಒಣ ಡಬ್ಬಿ, ಹುಣಸೆಬೀಜದಷ್ಟು ಮಲ ಸಾಕು. ಮೂತ್ರ ಬೆರೆಯಬಾರದು. ಬಿಸಿಲುಕಾಲದಲ್ಲಿ ಬೇಗ, ಬೆಳಗಿನದ್ದನ್ನು ಬೆಳಗ್ಗೆಯೇ ಪ್ರಯೋಗಾಲಯಕ್ಕೆ ಮುಟ್ಟಿಸಿ. ತಡವಾದರೆ ಕೊಕ್ಕೆಹುಳದ ಮೊಟ್ಟೆ ಡಬ್ಬಿಯಲ್ಲೇ ಒಡೆದು ಮರಿಯಾಗುತ್ತದೆ, ನೋಡುವವರಿಗೆ ಬೇರೆ ಹುಳದ ಮರಿಯೆಂಬ ಗೊಂದಲವಾಗುತ್ತದೆ.

ಸೂಜಿಹುಳಕ್ಕೆ ಮಲಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಅದು ಮೊಟ್ಟೆ ಇಡುವುದು ಮಲದಲ್ಲಲ್ಲ, ಗುದದ ಹೊರಚರ್ಮದ ಮೇಲೆ, ಅದೂ ರಾತ್ರಿ. ಬೆಳಗ್ಗೆ ಕೂಸು ಏಳುತ್ತಿದ್ದಂತೆ, ಸಂಡಾಸಕ್ಕೆ ಹೋಗುವ ಮೊದಲು, ತೊಳೆಯುವ ಮೊದಲು, ಪಾರದರ್ಶಕ ಅಂಟುಪಟ್ಟಿಯನ್ನು ಗುದದ ಸುತ್ತ ಒತ್ತಿ ತೆಗೆದು ಗಾಜಿನ ಪಟ್ಟಿಗೆ ಅಂಟಿಸಿ ಕೊಡಬೇಕು. ಸತತ ಮೂರು ಬೆಳಗು ಮಾಡಿದರೆ ತಪ್ಪುವುದು ಕಡಿಮೆ.

ರಕ್ತಹೀನತೆಯ ಅನುಮಾನವಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಇವು ಸರಕಾರಿ ಆಸ್ಪತ್ರೆಗಳಲ್ಲಿ ಆಗುವಂಥವೇ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಬೋಧಕ ಆಸ್ಪತ್ರೆಗಳಿಗೇ ಓಡಬೇಕೆಂದಿಲ್ಲ. ಮೊದಲು ತಾಲೂಕು ಆಸ್ಪತ್ರೆಯಲ್ಲಿ ಕೇಳಿ.

ಅಲ್ಬೆಂಡಜೋಲ್: ಪ್ರಮಾಣ, ತಿನ್ನಿಸುವ ಬಗೆ

ಹುಳ ಬದುಕುವುದು ನಮ್ಮ ಕರುಳಿನ ಸಕ್ಕರೆ ಹೀರಿಕೊಂಡು. ಅಲ್ಬೆಂಡಜೋಲ್ ಅದರ ಜೀವಕೋಶದೊಳಗಿನ ಹಂದರವನ್ನು ಕಟ್ಟಿಹಾಕಿ ಸಕ್ಕರೆ ಹೀರುವುದನ್ನು ನಿಲ್ಲಿಸುತ್ತದೆ. ಹುಳ ಹಸಿದು ಸಾಯುತ್ತದೆ. ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಗುಳಿಗೆ ತಿಂದ ಮರುದಿನ ಹುಳ ಬೀಳಲಿಲ್ಲವೆಂದು ಇನ್ನೊಂದು ಕೊಡುವುದು ತಪ್ಪು. ಎಷ್ಟೋ ಸಲ ಸತ್ತ ಹುಳ ಕರಗಿ ಹೋಗಿ, ಕಣ್ಣಿಗೆ ಏನೂ ಕಾಣುವುದಿಲ್ಲ.

ಪ್ರಮಾಣ ಹೀಗೆ:

- 1 ವರ್ಷದೊಳಗಿನ ಕೂಸಿಗೆ ಮನೆಯಲ್ಲಿ ಕೊಡಬೇಡಿ.
- 1ರಿಂದ 2 ವರ್ಷ: 200 ಮಿ.ಗ್ರಾಂ, ಅಂದರೆ ಅರ್ಧ ಗುಳಿಗೆ. ಎರಡು ಚಮಚದ ನಡುವೆ ನುಣ್ಣಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕುಡಿಸಿ.
- 2ರಿಂದ 3 ವರ್ಷ: ಪೂರ್ತಿ 400 ಮಿ.ಗ್ರಾಂ, ಇದೂ ಪುಡಿ ಮಾಡಿಯೇ.
- 3 ವರ್ಷ ಮೇಲ್ಪಟ್ಟವರಿಗೆ, ದೊಡ್ಡವರಿಗೂ: 400 ಮಿ.ಗ್ರಾಂನ ಒಂದು ಗುಳಿಗೆ, ಜಗಿದು ನೀರು ಕುಡಿಯಬೇಕು.

ಔಷಧಿ ನೀರಿನ ರೂಪದ್ದಾದರೆ ಸಾಮಾನ್ಯವಾಗಿ 10 ಮಿ.ಲೀ. ಬಾಟಲಿ, 5 ಮಿ.ಲೀ.ಯಲ್ಲಿ 200 ಮಿ.ಗ್ರಾಂ ಇರುತ್ತದೆ. ಎರಡು ವರ್ಷ ತುಂಬಿದವರಿಗೆ ಇಡೀ ಬಾಟಲಿ, ಅದಕ್ಕಿಂತ ಚಿಕ್ಕವರಿಗೆ ಅರ್ಧ. ಚೆನ್ನಾಗಿ ಕುಲುಕಿ. ಕುಲುಕದಿದ್ದರೆ ಔಷಧಿ ತಳದಲ್ಲೇ ಕೂತು ಮಗುವಿನ ಬಾಯಿಗೆ ಸಿಹಿನೀರಷ್ಟೇ ಹೋಗುತ್ತದೆ. ಹೆಸರಿನ ಮುಂದೆ "ಪ್ಲಸ್" ಎಂದಿದ್ದರೆ ಪಟ್ಟಿಯ ಬೆನ್ನು ಓದಿ. ಅದರಲ್ಲಿ ಐವರ್‌ಮೆಕ್ಟಿನ್ ಸೇರಿರುವುದು ಸಾಮಾನ್ಯ. ಆ ಔಷಧಿಯನ್ನು 15 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರು ಹೇಳದೆ ಕೊಡುವಂತಿಲ್ಲ.

ಗುಳಿಗೆ ಜಗಿಯುವುದಕ್ಕೆ ಎರಡು ಕಾರಣ. ಇಡಿಯಾಗಿ ನುಂಗಲು ಹೋದರೆ ಮಕ್ಕಳ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು; ಜಗಿದರೆ ಕರುಳಿನ ಉದ್ದಕ್ಕೂ ಚೆನ್ನಾಗಿ ಹರಡುತ್ತದೆ. ಅಳುವ ಕೂಸಿನ ಮೂಗು ಹಿಡಿದು ಬಾಯಿಗೆ ತುರುಕಬೇಡಿ, ಸಮಾಧಾನವಾದ ಮೇಲೆ ಕೊಡಿ. ಉಪವಾಸ ಬೇಡ. ಜುಲಾಬು ಬೇಡ. ಹಿಂದಿನ ಕಾಲದ ಔಷಧಿಗಳ ಜೊತೆ ಔಡಲೆಣ್ಣೆ ಕುಡಿಸುವ ರೂಢಿಯಿತ್ತು. ಅಲ್ಬೆಂಡಜೋಲ್ ಜೊತೆ ಔಡಲೆಣ್ಣೆ ಕೊಟ್ಟರೆ ಹುಳ ಸಾಯುವ ಮೊದಲೇ ಔಷಧಿ ಹೊರಗೆ ಹೋಗುತ್ತದೆ, ಮಗು ನೀರು ಕಳೆದುಕೊಂಡು ಸುಸ್ತಾಗುತ್ತದೆ.

ಇನ್ನು ಹುಳಕ್ಕೆ ತಕ್ಕಂತೆ ದಿನಗಳ ಲೆಕ್ಕ. ದುಂಡುಹುಳಕ್ಕೆ ಒಂದು ಸಲದ 400 ಮಿ.ಗ್ರಾಂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರನ್ನು ಗುಣಪಡಿಸುತ್ತದೆ. ಕೊಕ್ಕೆಹುಳಕ್ಕೂ ಒಂದು ಸಲ, ಹತ್ತರಲ್ಲಿ ಏಳೆಂಟು ಜನರಿಗೆ ಸಾಕು; ಹುಳ ಬಹಳವಿದ್ದರೆ ವೈದ್ಯರು ಮೂರು ದಿನ ಬರೆಯುತ್ತಾರೆ. ಚಾಟಿಹುಳದಲ್ಲಿ ಒಂದು ಗುಳಿಗೆಯಿಂದ ಪೂರ್ತಿ ಗುಣವಾಗುವವರು ಹತ್ತರಲ್ಲಿ ಮೂರು ಜನ ಮಾತ್ರ. ಅಲ್ಲಿ ದಿನಕ್ಕೊಂದರಂತೆ ಮೂರು ದಿನ ಬೇಕು, ಇಲ್ಲವೇ ಐವರ್‌ಮೆಕ್ಟಿನ್ ಜೊತೆ ಸೇರಿಸಬೇಕು. ಸೂಜಿಹುಳಕ್ಕೆ ಇವತ್ತು ಒಂದು, ಹದಿನಾಲ್ಕನೇ ದಿನ ಇನ್ನೊಂದು. ಈ ಔಷಧಿ ಹುಳವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ. ಮೊಟ್ಟೆಯಿಂದ ಬಂದ ಹೊಸ ಹುಳ ಮತ್ತೆ ಮೊಟ್ಟೆ ಇಡುವ ಮೊದಲೇ ಎರಡನೇ ಗುಳಿಗೆ ಬೀಳಬೇಕು.

ಬೇರೆ ಔಷಧಿಗಳು

ಮೆಬೆಂಡಜೋಲ್ 100 ಮಿ.ಗ್ರಾಂ, ಬೆಳಗ್ಗೆ ಒಂದು, ರಾತ್ರಿ ಒಂದು, ಮೂರು ದಿನ. ಕೆಲಸ ಮಾಡುವ ಬಗೆ ಅಲ್ಬೆಂಡಜೋಲಿನದೇ. ಚಾಟಿಹುಳಕ್ಕೆ ಮೂರು ದಿನದ ಈ ಕ್ರಮ ಒಳ್ಳೆಯದು. ಕೊಕ್ಕೆಹುಳಕ್ಕೆ ಒಂದೇ ಸಲದ 500 ಮಿ.ಗ್ರಾಂ ಮೆಬೆಂಡಜೋಲ್ ದುರ್ಬಲ, ಅಲ್ಬೆಂಡಜೋಲೇ ಮೇಲು. ಭೇದಿಗೆಂದು ಮೆಟ್ರೊನಿಡಜೋಲ್ ನಡೆಯುತ್ತಿರುವಾಗ ಮೆಬೆಂಡಜೋಲ್ ಸೇರಿಸಬೇಡಿ. ಇವೆರಡೂ ಕೂಡಿದಾಗ ಮೈಚರ್ಮ ಸುಲಿಯುವಂಥ ತೀವ್ರ ಪ್ರತಿಕ್ರಿಯೆ ಕಂಡುಬಂದಿದೆ.

ಪೈರಾಂಟೆಲ್ ತೂಕದ ಮೇಲೆ ಲೆಕ್ಕ: ಕೆ.ಜಿ.ಗೆ 11 ಮಿ.ಗ್ರಾಂ, ಹೆಚ್ಚೆಂದರೆ 1 ಗ್ರಾಂ. 20 ಕೆ.ಜಿ. ಮಗುವಿಗೆ 220 ಮಿ.ಗ್ರಾಂ ಆಯಿತು. ಇದು ಹುಳವನ್ನು ಸೆಟೆದುಕೊಳ್ಳುವಂತೆ ಮಾಡಿ ಕರುಳಿನ ಹಿಡಿತ ಬಿಡಿಸುತ್ತದೆ. ದುಂಡುಹುಳಕ್ಕೆ ಒಂದು ಸಲ, ಸೂಜಿಹುಳಕ್ಕೆ ಎರಡು ವಾರದ ನಂತರ ಮತ್ತೊಂದು ಸಲ, ಕೊಕ್ಕೆಹುಳಕ್ಕೆ ಮೂರು ದಿನ. ಚಾಟಿಹುಳಕ್ಕೆ ಉಪಯೋಗವಿಲ್ಲ. ಹಳೆಯ ಪೈಪರಜಿನ್ ಹುಳವನ್ನು ಸಡಿಲಗೊಳಿಸುವ ಔಷಧಿ. ಒಂದು ಸೆಟೆಸುತ್ತದೆ, ಇನ್ನೊಂದು ಸಡಿಲಿಸುತ್ತದೆ. ಎರಡನ್ನೂ ಕೊಟ್ಟರೆ ಒಂದರ ಕೆಲಸವನ್ನು ಇನ್ನೊಂದು ಅಳಿಸಿಹಾಕುತ್ತದೆ.

ಐವರ್‌ಮೆಕ್ಟಿನ್ ಕೆ.ಜಿ.ಗೆ 200 ಮೈಕ್ರೊಗ್ರಾಂ. 60 ಕೆ.ಜಿ. ತೂಕದವರಿಗೆ 12 ಮಿ.ಗ್ರಾಂ. ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳಕ್ಕೆ ಇದೇ ಮುಖ್ಯ ಔಷಧಿ. ಆ ಹುಳ ಮೈಯೊಳಗೇ ಸಂತಾನ ಬೆಳೆಸಿಕೊಂಡು ಹತ್ತಾರು ವರ್ಷ ಉಳಿಯಬಲ್ಲದು. ರೋಗಿಗೆ ದಮ್ಮು, ಕೀಲುನೋವಿನಂಥ ಕಾಯಿಲೆಗೆ ಸ್ಟಿರಾಯ್ಡ್ ಶುರುವಾದರೆ ಅದು ಮೈಯೆಲ್ಲ ಹರಡಿ ಜೀವಕ್ಕೆ ಎರವಾಗಬಹುದು. ಬರಿಗಾಲಲ್ಲಿ ಕೆಸರಿನ ಕೆಲಸ ಮಾಡುತ್ತ ಬಂದವರು ದೀರ್ಘಕಾಲದ ಸ್ಟಿರಾಯ್ಡ್ ಶುರುಮಾಡುವ ಮುಂಚೆ ಈ ಮಾತನ್ನು ವೈದ್ಯರ ಕಿವಿಗೆ ಹಾಕಬೇಕು.

ಲಾಡಿಹುಳ: ಇಲ್ಲಿ ಸ್ವಂತ ವೈದ್ಯ ಬೇಡ

ದೊಡ್ಡ ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್, ಕೆ.ಜಿ.ಗೆ 5ರಿಂದ 10 ಮಿ.ಗ್ರಾಂ, ಒಂದೇ ಸಲ. ಮಕ್ಕಳಲ್ಲಿ ಕಾಣುವ ಕುಳ್ಳ ಲಾಡಿಹುಳಕ್ಕೆ ಕೆ.ಜಿ.ಗೆ 25 ಮಿ.ಗ್ರಾಂ. ಈ ಕುಳ್ಳ ಹುಳ ಮಾಂಸದಿಂದ ಬರುವುದಲ್ಲ, ಮಕ್ಕಳಿಂದ ಮಕ್ಕಳಿಗೆ ಕೈಯಿಂದಲೇ ದಾಟುತ್ತದೆ. ಪ್ರಾಜಿಕ್ವಾಂಟೆಲ್ ಗುಳಿಗೆ ಬಹಳ ಕಹಿ, ಜಗಿದರೆ ವಾಂತಿ ಬರುತ್ತದೆ. ಊಟದ ಜೊತೆ ನುಂಗಿಬಿಡಬೇಕು. ನಿಕ್ಲೊಸಮೈಡ್ ಇದಕ್ಕೆ ತದ್ವಿರುದ್ಧ: ದೊಡ್ಡವರಿಗೆ 2 ಗ್ರಾಂ, ಚೆನ್ನಾಗಿ ಜಗಿದೇ ತಿನ್ನಬೇಕು.

ಎಚ್ಚರ ಬೇಕಾದದ್ದು ಇಲ್ಲಿ. ಹಂದಿಯ ಲಾಡಿಹುಳದ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಅದರ ಮರಿ ಮಿದುಳಿನಲ್ಲಿ ಗುಳ್ಳೆಯಾಗಿ ಕೂರಬಹುದು, ಮೂರ್ಛೆ ಬರಿಸಬಹುದು. ಮೊಟ್ಟೆ ಬರುವುದು ಮಾಂಸದಿಂದಲ್ಲ, ಮನುಷ್ಯರ ಮಲ ತಾಗಿದ ಕೈ, ನೀರು, ಹಸಿ ತಪ್ಪಲಿನಿಂದ. ಹಾಗಾಗಿ ಮಾಂಸ ಮುಟ್ಟದ ಮನೆಯವರಿಗೂ ಇದು ಬರುತ್ತದೆ. ಮಿದುಳಿನಲ್ಲಿ ಗುಳ್ಳೆ ಇರುವವರು ಪ್ರಾಜಿಕ್ವಾಂಟೆಲ್ ಅಥವಾ ಹಲವು ದಿನದ ಅಲ್ಬೆಂಡಜೋಲ್ ತಿಂದರೆ, ಸಾಯುವ ಗುಳ್ಳೆಯ ಸುತ್ತ ಊತ ಬಂದು ಮೂರ್ಛೆ ಕೆರಳುತ್ತದೆ. ಆದ್ದರಿಂದ ಲಾಡಿಹುಳದ ತುಣುಕು ಕಂಡವರು, ಮೂರ್ಛೆಯೋ ಬಿಡದ ತಲೆನೋವೋ ಇದ್ದರೆ ಅದನ್ನು ಮೊದಲೇ ಹೇಳಿ. ನಿಕ್ಲೊಸಮೈಡ್ ಕರುಳಿನಿಂದ ರಕ್ತಕ್ಕೆ ಇಳಿಯುವುದಿಲ್ಲವಾದ್ದರಿಂದ ವೈದ್ಯರು ಇಂಥವರಿಗೆ ಅದನ್ನು ಆರಿಸಬಹುದು. ಮಿದುಳಿನ ಗುಳ್ಳೆಗೆ ಅಲ್ಬೆಂಡಜೋಲ್ ಕೊಡುವಾಗ ಸ್ಟಿರಾಯ್ಡ್ ಜೊತೆಗೆ, ಎಣ್ಣೆ-ತುಪ್ಪದ ಊಟದ ಮೇಲೆ ಕೊಡುತ್ತಾರೆ. ಜಿಡ್ಡಿದ್ದರೆ ಔಷಧಿ ರಕ್ತಕ್ಕೆ ಹೆಚ್ಚು ಸೇರುತ್ತದೆ. ಬರೀ ಕರುಳಿನ ಹುಳಕ್ಕಾದರೆ ಈ ಜಿಡ್ಡಿನ ಲೆಕ್ಕ ಬೇಕಿಲ್ಲ.

ಗರ್ಭಿಣಿ, ಬಾಣಂತಿ

ಮೊದಲ ಮೂರು ತಿಂಗಳು ಜಂತಿನ ಗುಳಿಗೆ ಬೇಡ. ನಾಲ್ಕನೇ ತಿಂಗಳಿಂದ ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದನ್ನು ತಪಾಸಣೆಯ ವೇಳೆ ನರ್ಸಮ್ಮ ಅಥವಾ ವೈದ್ಯರೇ ಕೊಡುತ್ತಾರೆ. ರಕ್ತಹೀನತೆ ತಡೆಯುವ ಕ್ರಮದಲ್ಲಿ ಇದೂ ಒಂದು. ಮುಟ್ಟು ತಪ್ಪಿದ್ದರೆ ಗರ್ಭವಿಲ್ಲವೆಂದು ಖಾತ್ರಿಯಾಗುವ ತನಕ ತಡೆಯಿರಿ. ಗೊತ್ತಿಲ್ಲದೆ ಒಂದು ಗುಳಿಗೆ ತಿಂದುಬಿಟ್ಟಿದ್ದರೆ ಗಾಬರಿಯಾಗಿ ಗರ್ಭ ತೆಗೆಸುವ ಮಾತಿಗೆ ಹೋಗಬೇಡಿ, ವೈದ್ಯರಿಗೆ ತಿಳಿಸಿ. ಮೊಲೆ ಕುಡಿಸುವ ತಾಯಿ ಒಂದು ಸಲದ ಅಲ್ಬೆಂಡಜೋಲ್ ತಿನ್ನಬಹುದು.

ಶಾಲೆಯ ಗುಳಿಗೆ, ಆನೆಕಾಲಿನ ಗುಳಿಗೆ

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಶುರುವಾಯಿತು. ಫೆಬ್ರುವರಿ 10, ಆಗಸ್ಟ್ 10ರಂದು 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಅಲ್ಬೆಂಡಜೋಲ್ ಪುಕ್ಕಟೆ. ತಪ್ಪಿಸಿಕೊಂಡವರಿಗೆ 17ನೇ ತಾರೀಖು. ಶಾಲೆ ಬಿಟ್ಟು ತೊಗರಿ ಕಟಾವಿಗೋ ಕಬ್ಬಿಗೋ ಗುಳೇ ಹೋದ ಮಕ್ಕಳನ್ನೂ ಅಂಗನವಾಡಿಗೆ ಕರೆದೊಯ್ದು ಕೊಡಿಸಬಹುದು. ಆ ದಿನ ಜ್ವರ, ಜೋರು ಕಾಯಿಲೆ ಇದ್ದರೆ ಗುಣವಾದ ಮೇಲೆ ಕೊಡಿ. ಗುಳಿಗೆಯನ್ನು ಮನೆಗೆ ತರಬಾರದು, ಎದುರಿಗೇ ಜಗಿಯಬೇಕು. ಜೇಬಿಗೆ ಹೋದ ಗುಳಿಗೆ ಹೊಟ್ಟೆಗೆ ಹೋಗುವುದು ಕಡಿಮೆ.

ಕಲಬುರಗಿ, ಬೀದರ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳು ಆನೆಕಾಲು ರೋಗದ ಪಟ್ಟಿಯಲ್ಲಿದ್ದವು. ಅದಕ್ಕಾಗಿ ಸಾಮೂಹಿಕವಾಗಿ ಕೊಡುವ ಡಿಇಸಿ ಗುಳಿಗೆಯ ಜೊತೆಗೂ ಅಲ್ಬೆಂಡಜೋಲ್ ಇರುತ್ತದೆ. ಅದನ್ನು ತಿಂದವರಿಗೆ ಅದೇ ವಾರ ಮತ್ತೆ ಜಂತಿನ ಗುಳಿಗೆ ಕೊಡುವ ಅಗತ್ಯವಿಲ್ಲ. ಯಾವುದನ್ನು ಯಾವ ತಾರೀಖಿಗೆ ತಿಂದಿದ್ದೆಂದು ತಾಯಿ ಕಾರ್ಡಿನ ಹಿಂದೆಯೋ ಗೋಡೆಯ ಕ್ಯಾಲೆಂಡರಿನಲ್ಲೋ ಬರೆದಿಡಿ.

ತಿಂದ ಮೇಲೆ ಏನಾಗುತ್ತದೆ

ಕೆಲವರಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ, ತಲೆಸುತ್ತು, ಒಂದೆರಡು ಸಲ ಭೇದಿ. ಹುಳ ಹೆಚ್ಚಿದ್ದವರಿಗೆ ಇದು ಹೆಚ್ಚು. ನೆರಳಲ್ಲಿ ಮಲಗಿಸಿ, ನೀರು ಅಥವಾ ಓಆರ್‌ಎಸ್ ಕುಡಿಸಿ. ಸಾಮಾನ್ಯವಾಗಿ ಅದೇ ದಿನ ಇಳಿಯುತ್ತದೆ. ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ. ಒಂದು ಸಲದ ಗುಳಿಗೆ ಯಕೃತ್ತಿಗೆ ಭಾರವಲ್ಲ. ವಾರಗಟ್ಟಲೆ ತಿನ್ನುವವರಿಗೆ ಮಾತ್ರ ಯಕೃತ್ತು, ರಕ್ತಕಣಗಳ ಪರೀಕ್ಷೆ ನಡುನಡುವೆ ಬೇಕು.

ಮಲಪರೀಕ್ಷೆಯಲ್ಲಿ ಹುಳ ಸಿಕ್ಕಿದ್ದರೆ ಎರಡು-ಮೂರು ವಾರ ಬಿಟ್ಟು ಮತ್ತೆ ಮಾಡಿಸಿ.

ಕೊಕ್ಕೆಹುಳದಲ್ಲಿ ಗುಳಿಗೆ ಅರ್ಧ ಕೆಲಸವಷ್ಟೇ. ಒಂದೊಂದು ಹುಳ ಜಾತಿಗೆ ತಕ್ಕಂತೆ ದಿನಕ್ಕೆ 0.03ರಿಂದ 0.2 ಮಿ.ಲೀ. ರಕ್ತ ಕಳೆಯುತ್ತದೆ. ನೂರು ಹುಳವಿದ್ದರೆ ದಿನಕ್ಕೆ 3ರಿಂದ 20 ಮಿ.ಲೀ. ಹುಳ ಸತ್ತರೂ ಹೋದ ಕಬ್ಬಿಣಾಂಶ ತಾನಾಗಿ ತುಂಬುವುದಿಲ್ಲ. ಕಬ್ಬಿಣದ ಗುಳಿಗೆ ಕನಿಷ್ಠ ಮೂರು ತಿಂಗಳು ಬೇಕು. ಅದರ ಹಿಂದೆ-ಮುಂದೆ ಒಂದೆರಡು ತಾಸು ಚಹಾ ಬೇಡ; ಚಹಾ ಕಬ್ಬಿಣವನ್ನು ಹಿಡಿದು ಹೊರಹಾಕುತ್ತದೆ. ನಿಂಬೆರಸ ಒಳ್ಳೆಯದು. ಮಲ ಕಪ್ಪಾಗುವುದು ಸಹಜ, ಅದನ್ನು ನೋಡಿ ಹೆದರಿ ನಿಲ್ಲಿಸಬೇಡಿ.

ಮತ್ತೆ ಮತ್ತೆ ಯಾಕೆ ಬರುತ್ತವೆ

ಔಷಧಿ ಸೋತಿತು ಎನ್ನುವ ಮೊದಲು ಇವನ್ನು ನೋಡಿ. ದುಂಡುಹುಳದ ಮರಿ ಶ್ವಾಸಕೋಶ ಸುತ್ತಿ ಕರುಳಿಗೆ ಬಂದು ದೊಡ್ಡದಾಗಲು ಎರಡು-ಮೂರು ತಿಂಗಳು ಬೇಕು. ಆ ದಾರಿಯಲ್ಲಿರುವ ಮರಿಗೆ ಇವತ್ತಿನ ಗುಳಿಗೆ ತಟ್ಟುವುದಿಲ್ಲ. ಆರು ತಿಂಗಳಿಗೊಮ್ಮೆ ಕೊಡುವ ಕ್ರಮ ಇರುವುದು ಇಂಥವಕ್ಕಾಗಿಯೂ ಹೌದು. ಸೂಜಿಹುಳದಲ್ಲಿ ಒಂದೇ ಮಗುವಿಗೆ ಔಷಧಿ ಕೊಟ್ಟು ಅಕ್ಕ, ತಮ್ಮ, ಆಯಿಯನ್ನು ಬಿಟ್ಟರೆ ಹುಳ ಹೋಗದು. ಔಷಧಿ ತಿನ್ನಬಾರದವರನ್ನು ಬಿಟ್ಟು ಮನೆಯ ಎಲ್ಲರೂ ಒಂದೇ ದಿನ ತಿನ್ನಬೇಕು. ಉಗುರು ಕತ್ತರಿಸಿ, ಬೆಳಗ್ಗೆ ಎದ್ದಕೂಡಲೇ ತೊಳೆದು ಒಳಬಟ್ಟೆ ಬದಲಿಸಿ, ಹಾಸಿಗೆ-ಕೌದಿಯನ್ನು ಝಾಡಿಸದೆ ಎತ್ತಿ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಝಾಡಿಸಿದರೆ ಮೊಟ್ಟೆ ಮನೆಯೆಲ್ಲ ಹಾರುತ್ತವೆ, ಎರಡು-ಮೂರು ವಾರ ಬದುಕುತ್ತವೆ.

ಗುಳಿಗೆ ಇಟ್ಟ ಜಾಗವನ್ನೂ ನೋಡಿ. ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ, ಗಾಡಿಯ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದ ಔಷಧಿ ನೆಚ್ಚಿಕೊಳ್ಳುವಂಥದ್ದಲ್ಲ.

ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿಯಲ್ಲಿ, ಸುರಪುರ-ಶಹಾಪುರ ಕಡೆಯ ನೆಲ್ಲಿನ ಗದ್ದೆಗಳಲ್ಲಿ ನಾಟಿ ಮಾಡುವವರು ಬದುವಿನ ಮೇಲೆ ಬಯಲುಕಡೆಗೆ ಕೂರುವುದನ್ನು ಬಿಟ್ಟರೆ ಕೊಕ್ಕೆಹುಳಕ್ಕೆ ದಾರಿ ಕಟ್ಟಾಗುತ್ತದೆ. ಬದುವಿನ ಮೇಲೆ ನಡೆವಾಗ ಚಪ್ಪಲಿ ಇರಲಿ. ಬಿರುಬಿಸಿಲಿಗೆ ಒಣಗಿದ ನೆಲದಲ್ಲಿ ಅದರ ಮರಿ ಸಾಯುತ್ತದೆ, ಮಳೆಗಾಲದ ತೇವದ ನೆರಳಿನಲ್ಲಿ ವಾರಗಟ್ಟಲೆ ಉಳಿಯುತ್ತದೆ.

ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯೆ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲನ್ನು ಬಿಡಬೇಕಿಲ್ಲ, ತೊಳೆಯುವ ರೀತಿ ಬದಲಿಸಿ. ದುಂಡುಹುಳದ ಮೊಟ್ಟೆ ಅಂಟು. ಉಪ್ಪುನೀರಿಗೂ ಕ್ಲೋರಿನ್ನಿಗೂ ಸಾಯುವುದಿಲ್ಲ. ಬೇರು ಕತ್ತರಿಸಿ, ಎಲೆ ಬಿಡಿಸಿ, ಮೂರು ಸಲ ನೀರು ಬದಲಿಸುತ್ತ ಒಂದೊಂದು ಎಲೆಯನ್ನೂ ಬೆರಳಲ್ಲಿ ಉಜ್ಜಿ, ಕೊನೆಗೆ ಹರಿಯುವ ನೀರಿಗೆ ಹಿಡಿಯಿರಿ. ಚರಂಡಿ ನೀರಲ್ಲಿ ಬೆಳೆದದ್ದೆಂದು ಗೊತ್ತಿದ್ದರೆ ಬೇಯಿಸಿಯೇ ತಿನ್ನಿ.

ಮನೆಯಲ್ಲಿ ಗುಳಿಗೆ ಕೊಡಬಾರದ ಹೊತ್ತು

ಮಗುವಿನ ಹೊಟ್ಟೆ ಉಬ್ಬಿ ಗಟ್ಟಿಯಾಗಿದೆ, ಹಸಿರು ವಾಂತಿ ಆಗುತ್ತಿದೆ, ಮಲವೂ ಗಾಳಿಯೂ ಹೋಗುತ್ತಿಲ್ಲ ಎಂದರೆ ದುಂಡುಹುಳಗಳು ಗಂಟುಕಟ್ಟಿ ಕರುಳು ಮುಚ್ಚಿರಬಹುದು. ಆಗ ಜಂತಿನ ಔಷಧಿ ಹಾಕಿದರೆ ಹುಳಗಳು ಇನ್ನಷ್ಟು ಬಿಗಿದುಕೊಳ್ಳಬಹುದು. ಬಾಯಿಗೆ ಏನೂ ಹಾಕದೆ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಒಯ್ಯಿರಿ, ಗಾಡಿಯಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಲಮೇಲ್ಹೊಟ್ಟೆಯಲ್ಲಿ ತಡೆಯಲಾರದ ನೋವಿನ ಜೊತೆ ಕಣ್ಣು ಹಳದಿಯಾದರೆ ಹುಳ ಪಿತ್ತನಾಳ ಹೊಕ್ಕಿರಬಹುದು. ಅದಕ್ಕೂ ಆಸ್ಪತ್ರೆಯೇ ದಾರಿ. ಗರ್ಭಿಣಿಯ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಗುಳಿಗೆ ಎಣಿಸುತ್ತ ಮನೆಯಲ್ಲಿ ಕೂರುವ ಹೊತ್ತಲ್ಲ. ಬಿದ್ದ ಹುಳವನ್ನು ಸ್ವಲ್ಪ ನೀರಿರುವ ಬಾಟಲಿಯಲ್ಲಿ ಹಾಕಿಕೊಂಡೇ ಹೋಗಿ. ಅದನ್ನು ನೋಡಿದರೆ ವೈದ್ಯರಿಗೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.